ಹೆಸರು ಆಮೇಲೆ, ಮೊದಲು ಹಾಲು ಬರುತ್ತಾ ನೋಡಿ

ಇದು ಯಾವ ಗಿಡ ಅಂತ ಕೇಳಿ ನೀವು ಹಾಕಿದ ಫೋಟೋ ನೋಡಿದೆ. ಯಾರದೋ ಮನೆಯಿಂದ ತಂದು ನೆಟ್ಟ ತುಂಡು, ಎಲೆಯಿಲ್ಲದ ಹಸಿರು ಕಡ್ಡಿಗಳು, ಗಿಡ ಗುರುತಿಸೋ ಆಪ್ ಒಂದು ಸಲ ರಿಪ್ಸಾಲಿಸ್ ಅನ್ನೋ ಕ್ಯಾಕ್ಟಸ್ ಅನ್ನುತ್ತೆ, ಇನ್ನೊಂದು ಸಲ ಯೂಫೋರ್ಬಿಯಾ, ಅಂದರೆ ಹಾಲು ಬರೋ ಕಳ್ಳಿಗಳ ಕುಲ ಅನ್ನುತ್ತೆ. ಹೆಸರು ಖಚಿತವಾದ ಮೇಲೆ ದೊಡ್ಡ ಕುಂಡಕ್ಕೆ ಹಾಕ್ತೀನಿ ಅಂತ ಕಾಯ್ತಿದ್ದೀರಿ. ನಾನು ಜಾರಿದ್ದೂ ಇಲ್ಲೇ.

ನಮ್ಮದು ಚಿಕ್ಕಮಗಳೂರು. ಕಡೂರಿನ ನಮ್ಮ ಅತ್ತಿಗೆ ಮನೆ ಮುಂದೆ ಕುಂಡದಲ್ಲಿ ಇಂಥದ್ದೊಂದು ಇತ್ತು, ತುದಿಯೆಲ್ಲ ಕಿತ್ತಳೆ ಬಣ್ಣ. ನಾನು ಹೊರಡೋ ಹೊತ್ತಿಗೆ ಒಂದು ತುಂಡು ಪೇಪರಲ್ಲಿ ಸುತ್ತಿ ಇಟ್ಟಿದ್ದರು. "ಹೆಸರು ಗಿಸರು ಗೊತ್ತಿಲ್ಲ ಕಣೆ, ನೆಟ್ಟರೆ ಬರುತ್ತೆ" ಅಂದರು. ಮುರಿದ ಜಾಗದಲ್ಲಿ ಬಿಳಿ ಹೊಪ್ಪಳೆ ಕಟ್ಟಿತ್ತು. ನೋಡಿದೆ, ಏನು ಅಂತ ಕೇಳಲಿಲ್ಲ.

ಆಪ್ ರಿಪ್ಸಾಲಿಸ್ ಅಂತು. ಓದಿದೆ. ಅಮೆರಿಕದ ಮಳೆಕಾಡಿನಲ್ಲಿ ಮರದ ಮೇಲೆ ಬೆಳೆಯೋ ಕ್ಯಾಕ್ಟಸ್, ನೆರಳು ಬೇಕು, ತೇವ ಬೇಕು. ಅದರದೇ ಒಂದು ಜಾತಿ ಆಫ್ರಿಕಾದಲ್ಲೂ ಶ್ರೀಲಂಕಾದಲ್ಲೂ ತಾನಾಗೇ ಬೆಳೆಯುತ್ತಂತೆ, ಬೇರೆ ಯಾವ ಕ್ಯಾಕ್ಟಸ್ಸಿಗೂ ಆ ಹೆಚ್ಚುಗಾರಿಕೆ ಇಲ್ಲ. ಶ್ರೀಲಂಕಾಕ್ಕೆ ಒಗ್ಗಿದ್ದು ನಮ್ಮ ಮಲೆನಾಡಿಗೆ ಒಗ್ಗದೆ ಏನು ಅಂತ ಜಗಲಿಯ ನೆರಳಲ್ಲಿ, ಸೀತಾಳೆ ಪಕ್ಕ ತೂಗುಹಾಕಿದೆ. ಮಳೆ ಹಿಡಿಯಿತು. ಬಿಸಿಲಿನ ಮುಖ ಕಾಣದೆ ಕಡ್ಡಿಗಳು ಸಣ್ಣಗೆ ಉದ್ದುದ್ದ ಚಾಚಿ, ಬಿಳಿಚಿಕೊಂಡು, ಕುಂಡದ ಅಂಚಿನಿಂದ ಕೆಳಗೆ ಬಾಗಿದವು. ಕಿತ್ತಳೆ ಬಣ್ಣ ಎಲ್ಲಿ ಹೋಯಿತೋ. ಇನ್ನೊಮ್ಮೆ ಫೋಟೋ ತೆಗೆದೆ. ಈ ಸಲ ಆಪ್‌ಗೆ ಅನುಮಾನವೇ ಇಲ್ಲ, ರಿಪ್ಸಾಲಿಸ್!

ಆಗಿದ್ದೇನು ಗೊತ್ತಾ? ಬಿಸಿಲಿನ ಗಿಡವನ್ನ ನೆರಳಲ್ಲಿಟ್ಟು ನಾನೇ ಅದಕ್ಕೆ ರಿಪ್ಸಾಲಿಸ್ ವೇಷ ಹಾಕಿದ್ದೆ. ಅದಕ್ಕೇ ನಿಮ್ಮ ಫೋಟೋ ನೋಡಿ ಇಂಥದೇ ಗಿಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ ಅನ್ನೋದು. ಹೂವಿಲ್ಲದ, ನೆರಳಲ್ಲಿ ಎಳೆದುಕೊಂಡ ಗಿಡದ ಫೋಟೋದಲ್ಲಿ ಹೆಚ್ಚಾಗಿ ಕಾಣೋದು ನೀವು ಅದನ್ನ ಸಾಕಿದ ರೀತಿ.

ಮಳೆ ತಗ್ಗಿದ ಮೇಲೆ ಜೋತ ಕಡ್ಡಿಗಳನ್ನ ಒಪ್ಪ ಮಾಡೋಣ ಅಂತ ಕತ್ತರಿ ಹಿಡಿದೆ. ಮೊದಲ ಕಡ್ಡಿಗೇ ಬೆಳ್ಳಗೆ ಹಾಲು ಜಿನುಗಿ ಬೆರಳ ಸಂದಿಗೆ ಇಳಿಯಿತು. ಗ್ಲೌಸ್ ಹಾಕ್ಕೋಬೇಕಿತ್ತು ಅಂತ ಮನೆಯವರು ಈಗಲೂ ಹೇಳ್ತಾರೆ. ಗ್ಲೌಸ್ ಮಾತು ಆಮೇಲಿನದು. ಆ ಹಾಲು ನೋಡಿದ ಕ್ಷಣ ಕತ್ತರಿ ಕೆಳಗಿಡಬೇಕಿತ್ತು. ಕಳ್ಳಿ ಹಾಲು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತೆ ಅಂತ ಕೇಳಿಕೊಂಡು ಬೆಳೆದವಳು ನಾನು. ಹೊಲದ ಬೇಲಿಯಲ್ಲಿ ಆಳೆತ್ತರ ನಿಂತ ಕಳ್ಳಿಯನ್ನೂ ಕಂಡವಳು. ಆದರೆ ರಿಪ್ಸಾಲಿಸ್ ಅನ್ನೋ ಹೆಸರು ತಲೆಯಲ್ಲಿ ಕೂತುಬಿಟ್ಟಿತ್ತು. ಹಾಲು ಬಂತು ಅಂದರೆ ಇದು ಅದಲ್ಲ ಅಂತ ಹೊಳೆಯಲಿಲ್ಲ. ಓಹೋ, ಇದಕ್ಕೂ ಹಾಲಿರುತ್ತೆ ಅಂದುಕೊಂಡೆ. ಹಲಸಿನ ಮೇಣಕ್ಕೆ ಮಾಡೋ ಹಾಗೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಮಿಕ್ಕಿದ್ದನ್ನೂ ಕತ್ತರಿಸಿ ಮುಗಿಸಿದೆ. ನಡುವೆ ಯಾವಾಗಲೋ ಬೆವರು ಅಂತ ಕಣ್ಣು ಒರೆಸಿಕೊಂಡಿದ್ದೇನೆ.

ಆಗ ಸ್ವಲ್ಪ ಚುರುಗುಟ್ಟಿತು, ಒಂದು ಚೊಂಬು ನೀರು ಹಾಕ್ಕೊಂಡು ಸುಮ್ಮನಾದೆ. ಈ ಹಾಲಿನ ಉರಿ ತಡವಾಗಿ ಏರುತ್ತೆ. ರಾತ್ರಿ ಟ್ಯೂಬ್‌ಲೈಟಿನ ಬೆಳಕಿಗೂ ಕಣ್ಣು ಬಿಡೋಕಾಗಲಿಲ್ಲ. ಕಾರ್ನಿಯಾದ ಮೇಲ್ಪದರ ಸುಲಿದಿದೆ ಅಂದರು ಕಣ್ಣಿನ ಡಾಕ್ಟರ್. ಡ್ರಾಪ್ಸ್ ಹಾಕಿಕೊಂಡು, ಎಲ್ಲ ಮಂಜುಮಂಜಾಗಿ ಕಂಡು, ನಿಧಾನಕ್ಕೆ ವಾಸಿಯಾಯಿತು. ಗಿಡ ಯೂಫೋರ್ಬಿಯಾ ತಿರುಕಲ್ಲಿ. ಆಫ್ರಿಕಾ ಮೂಲದ್ದು, ನಮ್ಮ ಬಯಲುಸೀಮೆಯ ಬೇಲಿಗಳಲ್ಲಿರೋ ಅದೇ ಕಡ್ಡಿ ಕಳ್ಳಿ. ನರ್ಸರಿಯವರು ಇದನ್ನ ಪೆನ್ಸಿಲ್ ಕ್ಯಾಕ್ಟಸ್ ಅಂತ ಮಾರ್ತಾರೆ. ಕ್ಯಾಕ್ಟಸ್ ಅಲ್ಲವೇ ಅಲ್ಲ.

ಈಗ ನಿಮ್ಮ ಗಿಡ. ಕನ್ನಡಕ ಹಾಕ್ಕೊಳ್ಳಿ, ಗ್ಲೌಸ್ ಹಾಕ್ಕೊಳ್ಳಿ, ಮುಖ ದೂರ ಇಟ್ಟು ಒಂದು ಕಡ್ಡಿಗೆ ಸೂಜಿ ಚುಚ್ಚಿ. ಬಿಳಿ ಹನಿ ಬಂದರೆ ಯೂಫೋರ್ಬಿಯಾ ಅಂತಲೇ ನಡೆಸಿಕೊಳ್ಳಿ. ಕ್ಯಾಕ್ಟಸ್‌ಗಳಲ್ಲಿ ಹಾಲು ಬರೋದು ಮ್ಯಾಮಿಲೇರಿಯಾದ ಕೆಲವು ಜಾತಿಗಳಂಥ ಅಪರೂಪದವಕ್ಕೆ, ಅವು ಮೈಯೆಲ್ಲ ಗುಬುಟಿರೋ ಗುಂಡು ಗಿಡಗಳು, ನಿಮ್ಮದು ಹಾಗಿಲ್ಲವಲ್ಲ. ಯೂಫೋರ್ಬಿಯಾದಲ್ಲಿ ಸುಮಾರು 2,000 ಜಾತಿ ಇವೆ, ಅದರಲ್ಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳೋದು ವ್ಯರ್ಥ. ಇಂಥ ಕಡ್ಡಿ ಜಾತಿಗೆ ಮರಳು ಬೆರೆಸಿದ ಮಣ್ಣು, ಬಿಸಿಲು, ಮಣ್ಣು ಪೂರ್ತಿ ಒಣಗಿದ ಮೇಲೆ ನೀರು, ಇಷ್ಟೇ. ಮಳೆಗಾಲದಲ್ಲಿ ಸೂರಿನ ಕೆಳಗೆ, ಆದರೆ ಬೆಳಕಿರೋ ಕಡೆ. ನೆರಳಿಂದ ಒಮ್ಮೆಲೇ ಸುಡುಬಿಸಿಲಿಗೆ ಎಳೆಯಬೇಡಿ, ಸುಟ್ಟುಹೋಗುತ್ತೆ. ಕುಂಡ ಬದಲಿಸುವಾಗ ಕಡ್ಡಿ ಮುರಿಯದಂತೆ ಪೇಪರ್ ಸುತ್ತಿ, ಬಿದ್ದ ತುಂಡುಗಳನ್ನ ಆರಿಸಿ ಚೀಲಕ್ಕೆ ಹಾಕಿ. ಕೈಗೆ ತಾಗಿದರೆ ಸೋಪು. ಕಣ್ಣಿಗೆ ತಾಗಿದರೆ ಕಾಲು ಗಂಟೆ ಬಿಡದೆ ನೀರು ಹರಿಸಿ, ಉರಿ ಇಲ್ಲದಿದ್ದರೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಚಿಕ್ಕ ಮಕ್ಕಳಿದ್ದರೆ ಈ ಗಿಡ ಕೈಗೆಟುಕೋ ಕಿಟಕಿಯಲ್ಲಿ ಬೇಡವೇ ಬೇಡ.

ಹಾಲು ಬರಲಿಲ್ಲ ಅಂದರೆ ಕಡ್ಡಿಯ ಮೇಲೆ ಸಣ್ಣ ಚುಕ್ಕಿ, ಅದರಲ್ಲಿ ನವಿರು ಕೂದಲು ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ, ಅದು ಕ್ಯಾಕ್ಟಸ್ಸಿನ ಗುರುತು, ಅಲ್ಲಿಯದೇ ಹತ್ತಿರದ ಫೋಟೋ ಹಾಕಿ. ಇಡೀ ಕುಂಡದ ಫೋಟೋ ಇನ್ನು ಬೇಡ.