ಆನ್‌ಲೈನ್ ಪಾಠ ಬಾಳಬೇಕಾದರೆ ಮಗುವಿನ ನೋಟ್‌ಬುಕ್ ನೋಡುವವರು ಬೇಕು

ಹಳ್ಳಿಗಾಡಿನ ಶಾಲೆಗಳಲ್ಲೂ ವಿಶ್ವವಿದ್ಯಾಲಯಗಳಲ್ಲೂ ಆನ್‌ಲೈನ್ ಕಲಿಕೆಯನ್ನು ಬಹುಕಾಲ ಬಾಳುವಂತೆ ನಡೆಸುವುದು ಹೇಗೆ ಎಂದು ಕೇಳಿದ್ದೀರಿ. ಯಾದಗಿರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

2020ರಲ್ಲಿ ಶಾಲೆ ಮುಚ್ಚಿದ್ದಾಗ ತ್ರಿಭುಜಗಳ ಪಾಠವನ್ನು ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದೆ. ನೀಲಿ ಗುರುತು ಬಿದ್ದರೆ ಪಾಠ ಮುಟ್ಟಿತೆಂದು ನಂಬಿದ್ದೆ. ಆಗಸ್ಟಿನಲ್ಲಿ, ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಪಾಠ ಮಾಡುವ ರಾಜ್ಯ ಸರ್ಕಾರದ ವಿದ್ಯಾಗಮ ಯೋಜನೆ ಆರಂಭವಾಗಿ, ತಾಂಡಾವೊಂದರ ಗುಡಿಕಟ್ಟೆಯ ಮೇಲೆ ಮಕ್ಕಳನ್ನು ಕೂಡಿಸಿಕೊಂಡಾಗ ಒಬ್ಬ ಹುಡುಗಿ ನೋಟ್‌ಬುಕ್ ತೋರಿಸಿದಳು. ತೊಗರಿ ಹೊಲದಿಂದ ಕಾಕಾ ಮರಳಿದ ಮೇಲೆ ಅವನ ಫೋನಿನಲ್ಲಿ ಹತ್ತು ನಿಮಿಷ ನೋಡಿ ಚಿತ್ರ ಬರೆದುಕೊಳ್ಳುತ್ತಿದ್ದಳಂತೆ. ತ್ರಿಭುಜದ ಎಡಮೂಲೆಯಿಂದ ಓರೆಯಾಗಿ, ಸ್ಕೇಲಿಟ್ಟು ಎಳೆದ ಒಂದು ಹೆಚ್ಚಿನ ಗೆರೆಯಿತ್ತು. “ಈ ಗೆರಿಗಿ ಹೆಸರು ಯಾಕ ಇಲ್ರಿ ಸರ್?” ಎಂದು ಕೇಳಿದಳು. ಅದು ಫೋನಿನ ಗಾಜಿನ ಬಿರುಕಾಗಿತ್ತು. ಪಾಠ ಕಳಿಸಿದ್ದವನು ನಾನು. ಆ ಪುಟ ನೋಡುವ ವ್ಯವಸ್ಥೆಯನ್ನು ಮಾಡಿರಲಿಲ್ಲ.

ವಿದ್ಯಾಗಮದಲ್ಲಿ ಮಕ್ಕಳನ್ನು ಅಂತರ್ಜಾಲವಿರುವ ಫೋನುಳ್ಳವರು, ಸಾದಾ ಫೋನುಳ್ಳವರು, ಯಾವುದೂ ಇಲ್ಲದವರು ಎಂದು ಮೊದಲೇ ಗುರುತಿಸಲಾಗುತ್ತಿತ್ತು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೆ ಆ ಗುರುತಿಸುವಿಕೆ ಇಂದಿಗೂ ಮೊದಲ ಕೆಲಸವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಯಾರ ಮನೆಯ ಫೋನು ಎಷ್ಟು ಗಂಟೆಗೆ ಮಗುವಿನ ಕೈಗೆ ಸಿಗುತ್ತದೆ ಎಂಬುದು ಗೊತ್ತಿಲ್ಲದೆ ವೇಳಾಪಟ್ಟಿ ಹಾಕುವುದು ವ್ಯರ್ಥ. ಆ ವರ್ಷ ಕೇಂದ್ರ ಸರ್ಕಾರ ಹೊರಡಿಸಿದ ಪ್ರಜ್ಞಾತಾ ಮಾರ್ಗಸೂಚಿ ಒಂದರಿಂದ ಎಂಟನೇ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿ ಸಾಕೆಂದಿತ್ತು. ನಮ್ಮ ಕಡೆಯ ಮನೆಗಳಿಗೆ ಅದೂ ಹೆಚ್ಚೇ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ದೀಕ್ಷಾದಲ್ಲಿ ಸಿಗುವ ಪಾಠಗಳನ್ನು ಶನಿವಾರ ಶಾಲೆಯಲ್ಲಿಯೇ ಡೌನ್‌ಲೋಡ್ ಮಾಡಿ ಹಂಚಿ, ಜೊತೆಗೆ ಮೂರೇ ಲೆಕ್ಕ ಕೊಟ್ಟು, ಸೋಮವಾರ ನೋಟ್‌ಬುಕ್ ನೋಡುವುದು ಈಗ ನಮ್ಮ ರೂಢಿ. ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದ ತಂದೆತಾಯಿಯರ ಜೊತೆ ಹೊರಟ ಮಕ್ಕಳು ಪುಟದ ಫೋಟೊ ಕಳಿಸುತ್ತಾರೆ. ಶಾಲೆಯ ನಂಟು ಕಡಿಯದಂತೆ ಆ ಮಕ್ಕಳನ್ನು ಹಿಡಿದಿಡಲು ಇದಕ್ಕಿಂತ ಉತ್ತಮ ಸಾಧನವನ್ನು ನಾನು ಕಂಡಿಲ್ಲ.

ವಿಶ್ವವಿದ್ಯಾಲಯಗಳ ಮಾತು ಬಂದರೆ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣವಾದ ‘ಸ್ವಯಂ’ (SWAYAM) ಮೂಲಕ ಪಡೆಯಬಹುದು. ಆದರೆ ಕನ್ನಡ ಮಾಧ್ಯಮದಿಂದ ಬಂದು ಕಲಬುರಗಿಯಲ್ಲಿ ಪದವಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಇಂಗ್ಲಿಷ್ ಉಪನ್ಯಾಸದ ಎರಡನೇ ವಾರಕ್ಕೇ ಸೋಲುತ್ತಾರೆ. ಪ್ರತಿ ವಿಭಾಗದಲ್ಲಿ ಒಬ್ಬ ಅಧ್ಯಾಪಕರು ವಾರಕ್ಕೊಂದು ಗಂಟೆ ಎದುರು ಕೂತು ಕನ್ನಡದಲ್ಲಿ ಸಂದೇಹ ಬಿಡಿಸಬೇಕು, ಮತ್ತು ಆ ಗಂಟೆ ಅವರ ಕಾರ್ಯಭಾರದಲ್ಲಿ ಲೆಕ್ಕಕ್ಕೆ ಬರಬೇಕು.

ಹಣ ಕಡಿಮೆಯಿದ್ದರೆ ಟ್ಯಾಬ್‌ಗಳಿಗಿಂತ ಮೊದಲು ಒಂದು ಯುಪಿಎಸ್ ಕೊಳ್ಳಿರಿ; ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಸರಿಯಾಗಿ ಪಾಠದ ಹೊತ್ತಿಗೇ. ನಮ್ಮ ರಿಜಿಸ್ಟರಿನಲ್ಲಿ ನಾಲ್ಕೇ ಕಾಲಂಗಳಿವೆ: ಮಗುವಿನ ಹೆಸರು, ಫೋನು ಯಾರದು, ಸಿಗುವ ಹೊತ್ತು, ನೋಟ್‌ಬುಕ್ ನೋಡಿದವರ ಸಹಿ. ನೀವು ಆರಂಭಿಸುವುದಾದರೆ ಕೊನೆಯ ಕಾಲಂ ಖಾಲಿ ಇರುವ ಹೆಸರುಗಳಿಂದಲೇ ವಾರವನ್ನು ಆರಂಭಿಸಿರಿ.