ಓದುಗರ ಪ್ರಶ್ನೆ: ಬಾವುಟ ಹಾರಿಸದವರಿಗೆ ದೇಶಪ್ರೇಮವಿಲ್ಲವೇ?

ಪ್ರಶ್ನೆ: ನನ್ನ ಮಗ ಕೆಲಸದ ಮೇಲೆ ಜರ್ಮನಿಯಲ್ಲಿದ್ದಾನೆ. ಅಲ್ಲಿ ಮನೆಗಳ ಮೇಲೆ ರಾಷ್ಟ್ರಧ್ವಜ ಕಾಣುವುದೇ ಅಪರೂಪವಂತೆ. ದೇಶದ ಹೆಮ್ಮೆಯ ವಿಷಯ ಎತ್ತಿದರೆ ಸಹೋದ್ಯೋಗಿಗಳು ಮಾತು ಬದಲಿಸುತ್ತಾರಂತೆ. ಅಷ್ಟು ಮುಂದುವರಿದವರಿಗೆ ದೇಶಪ್ರೇಮವೇ ಇಲ್ಲವೇ?

ಉತ್ತರ: ನಿಮ್ಮ ಮಗ ಕಂಡದ್ದು ನಿಜ. ನೀವು ಅದರಿಂದ ತೆಗೆದ ತೀರ್ಮಾನವನ್ನು ಮಾತ್ರ ಒಪ್ಪಲಾರೆ. 1933ರಿಂದ 1945ರವರೆಗೆ, ಹಿಟ್ಲರನ ನಾತ್ಸಿ ಪಕ್ಷದ ಆಳ್ವಿಕೆಯಲ್ಲಿ, ದೇಶಭಕ್ತಿಯ ಹೆಸರಿನಲ್ಲಿ ತಮ್ಮ ನೆಲದಲ್ಲಿ ಏನೇನು ನಡೆಯಿತೆಂದು ಅಲ್ಲಿನ ಮಕ್ಕಳು ಶಾಲೆಯಲ್ಲೇ ಓದುತ್ತಾರೆ. ಅವರ ರಾಷ್ಟ್ರಗೀತೆ ಮೂಲ ಹಾಡಿನ ಮೂರನೆಯ ಚರಣವಷ್ಟೇ. ದೇಶವನ್ನು ಎಲ್ಲಕ್ಕಿಂತ ಮೇಲಿಡುವ ಮೊದಲ ಚರಣವನ್ನು ಸರ್ಕಾರಿ ಸಮಾರಂಭಗಳಲ್ಲಿ ಹಾಡುವುದಿಲ್ಲ. 2006ರಲ್ಲಿ ವಿಶ್ವಕಪ್ ಫುಟ್‌ಬಾಲ್ ಅಲ್ಲೇ ನಡೆದಾಗ ಕಾರುಗಳ ಮೇಲೆ ಬಾವುಟ ಹಾರಿದ್ದೇ ದೊಡ್ಡ ಸುದ್ದಿ. ಅದು ಸರಿಯೋ ತಪ್ಪೋ ಎಂದು ಅವರೇ ಚರ್ಚೆಗೆ ಕುಳಿತರು!

ಇನ್ನು ಅಲ್ಲಿನ ಕಾಲುದಾರಿಗಳನ್ನು ನೋಡಲು ಮಗನಿಗೆ ಹೇಳಿ. ಅಂಗೈಯಗಲದ ಹಿತ್ತಾಳೆ ಫಲಕಗಳು ಕಾಣುತ್ತವೆ. ನಾತ್ಸಿಗಳು ಎಳೆದೊಯ್ದವರ ಹೆಸರು, ಹುಟ್ಟಿದ ವರ್ಷ, ಕೊನೆಗೆ ಏನಾದರೆಂಬ ವಿವರ, ಎಲ್ಲವೂ ಅವರು ಬಾಳಿದ ಮನೆಯ ಮುಂದೆಯೇ. ಕಲಾವಿದ ಗುಂಟರ್ ಡೆಮ್ನಿಗ್ 1990ರ ದಶಕದಲ್ಲಿ ಆರಂಭಿಸಿದ ಈ ಕೆಲಸ ಯುರೋಪಿನ ಹಲವು ದೇಶಗಳಿಗೆ ಹಬ್ಬಿದೆ, ಫಲಕಗಳ ಸಂಖ್ಯೆ ಒಂದು ಲಕ್ಷ ದಾಟಿದೆ. ಅವು ಮಸುಕಾದಾಗ ನೆರೆಹೊರೆಯವರೇ ಮಂಡಿಯೂರಿ ಉಜ್ಜುತ್ತಾರೆ. ಪರದೇಶದವರ ಪಾಪಕ್ಕೆ ನಾವು ಕೋಪಗೊಳ್ಳಬಹುದು, ನಾಚಿಕೊಳ್ಳುವುದಿಲ್ಲ. ನಾಚಿಕೆಯಾಗಬೇಕಾದರೆ ಆ ದೇಶ ನನ್ನದು ಎನ್ನಿಸಿರಬೇಕು. ಹಾಗಾಗಿ ಮಾತು ಬದಲಿಸುವ ಆ ಸಹೋದ್ಯೋಗಿಯ ದೇಶನಿಷ್ಠೆಯನ್ನು ಶಂಕಿಸಲು ನನಗೆ ಕಾರಣ ಕಾಣುತ್ತಿಲ್ಲ.

ಗಡಿ ದಾಟಿ ಡೆನ್ಮಾರ್ಕಿಗೆ ಹೋದರೆ ಎಲ್ಲವೂ ತಿರುಗುಮುರುಗು. ಹುಟ್ಟುಹಬ್ಬದ ಕೇಕಿನ ಮೇಲೆ ರಾಷ್ಟ್ರಧ್ವಜ, ಕ್ರಿಸ್ಮಸ್ ಮರದ ಮೇಲೂ ಅದೇ ಧ್ವಜದ ಮಾಲೆ. ಅದರಲ್ಲಿ ಅವರಿಗೆ ಅತಿಯೂ ಕಾಣುವುದಿಲ್ಲ, ಅವಮಾನವೂ ಕಾಣುವುದಿಲ್ಲ. ನಮ್ಮಲ್ಲಿ ತ್ರಿವರ್ಣದ ಕೇಕ್ ಕತ್ತರಿಸಿದ್ದು ಅಪರಾಧವಲ್ಲ ಎಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ತೀರ್ಪು ಕೊಡಬೇಕಾಯಿತು.

ಪ್ರಶ್ನೆ: ಧ್ವಜವಂದನೆ ಮಾಡುವುದಿಲ್ಲ, ರಾಷ್ಟ್ರಗೀತೆ ಹಾಡುವುದಿಲ್ಲ ಎನ್ನುವವರನ್ನು ಅಮೆರಿಕದಂಥ ದೇಶ ಸಹಿಸುತ್ತದೆಯೇ?

ಉತ್ತರ: ಸಹಿಸಲೇಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1943ರಲ್ಲೇ ಹೇಳಿದೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದ ಮಕ್ಕಳು ಧ್ವಜವಂದನೆಗೆ ಒಪ್ಪಿರಲಿಲ್ಲ. ಮೂರೇ ವರ್ಷ ಹಿಂದೆ ಇದೇ ನ್ಯಾಯಾಲಯ ಶಾಲೆಗಳ ಪರ ನಿಂತಿತ್ತು. ಈ ಬಾರಿ ತನ್ನದೇ ತೀರ್ಪನ್ನು ತಿರುವಿಹಾಕಿ, ಮಕ್ಕಳನ್ನು ಒತ್ತಾಯಿಸುವಂತಿಲ್ಲ ಎಂದಿತು. ಆ ದಿನ ಜೂನ್ 14, ಅಮೆರಿಕದ ಧ್ವಜ ದಿನ. ಬೇಕೆಂದೇ ಆ ದಿನವನ್ನು ಆರಿಸಿದ್ದರೆ ಆ ನ್ಯಾಯಮೂರ್ತಿಗಳಿಗೆ ನನ್ನದೊಂದು ನಮಸ್ಕಾರ.

ನಮ್ಮ ಸುಪ್ರೀಂ ಕೋರ್ಟೂ 1986ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ಕೇರಳದ ಶಾಲೆಯೊಂದರಿಂದ ಹೊರಹಾಕಿಸಿಕೊಂಡ ಮೂವರು ಮಕ್ಕಳು ಅದೇ ಪಂಥದವರು. ರಾಷ್ಟ್ರಗೀತೆಯ ಹೊತ್ತಿಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಅಷ್ಟೆ. ಅವರನ್ನು ಮತ್ತೆ ಸೇರಿಸಿಕೊಳ್ಳಿ ಎಂದು ನ್ಯಾಯಾಲಯ ಶಾಲೆಗೆ ಆದೇಶಿಸಿತು.