ಡಿಎನ್‌ಎ ಟೆಸ್ಟ್ ಮಾಡಿಸಿದರೆ ನಮ್ಮ ಮೂಲ ಗೊತ್ತಾಗುತ್ತದಾ?

"ನಮ್ಮ ಹಿರಿಯರನ್ನು ಕದಂಬರ ರಾಜ ಮಯೂರವರ್ಮ ಉತ್ತರ ಭಾರತದ ಅಹಿಚ್ಛತ್ರದಿಂದ ಕರೆತಂದ ಅಂತ ಮನೆಯಲ್ಲಿ ಹೇಳುತ್ತಾರೆ, ಎಂಜಲು ಕಳಿಸಿ ಡಿಎನ್‌ಎ ಟೆಸ್ಟ್ ಮಾಡಿಸಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದಾ" ಅಂತ ಕೇಳಿದ್ದೀರಿ. ಇಲ್ಲ. ನಾನೂ ಶಿರಸಿ ಕಡೆಯವನೇ, ಈ ಕಥೆ ಕೇಳಿಯೇ ಬೆಳೆದವನು. ಆದರೆ ಡಿಎನ್‌ಎಯಲ್ಲಿ ಊರಿನ ಹೆಸರೂ ಇರುವುದಿಲ್ಲ, ರಾಜನ ಹೆಸರೂ ಇರುವುದಿಲ್ಲ.

ಹಾಗಂತ ಅದು ಮೂಕವೇನಲ್ಲ. ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳನ್ನೇ ನೋಡಿ. ಆಫ್ರಿಕಾದಿಂದ ಅವರ ಹಿರಿಯರನ್ನು ಪೋರ್ಚುಗೀಸರು ಗುಲಾಮರಾಗಿ ಹಿಡಿದು ತಂದದ್ದು ಇತಿಹಾಸದಲ್ಲೇ ಇದೆ. 2011ರಲ್ಲಿ ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿದ್ದ ತಂಡವೊಂದು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎ ಪರೀಕ್ಷೆ ಮಾಡಿತು. ಅವರಲ್ಲಿ ಇಲ್ಲಿನವರ ರಕ್ತ ಬೆರೆತದ್ದು ಸುಮಾರು 200 ವರ್ಷದ ಹಿಂದೆ ಅಂತ ಲೆಕ್ಕ ಸಿಕ್ಕಿತು.

ಇಸವಿ ಹೇಗೆ ಗೊತ್ತಾಯಿತು ಅಂತೀರಾ? ತಂದೆ ಆಫ್ರಿಕಾದವನು, ತಾಯಿ ಇಲ್ಲಿಯವಳು ಅಂದುಕೊಳ್ಳಿ. ಮಗುವಿನಲ್ಲಿ ತಂದೆಯ ಕಡೆಯ ಕ್ರೋಮೋಸೋಮು, ಅಂದರೆ ಡಿಎನ್‌ಎಯ ಉದ್ದನೆಯ ಎಳೆ, ಇಡಿಯಾಗಿಯೇ ಇರುತ್ತದೆ, ತಾಯಿಯದೂ ಹಾಗೆಯೇ. ಆ ಮಗು ದೊಡ್ಡದಾಗಿ ಅದಕ್ಕೆ ಮಕ್ಕಳಾಗುವಾಗ ಮಾತ್ರ ಎರಡೂ ತುಂಡಾಗಿ ಒಂದಕ್ಕೊಂದು ಅದಲುಬದಲಾಗುತ್ತವೆ, ಮೊಮ್ಮಕ್ಕಳ ಕಾಲಕ್ಕೆ ಇನ್ನೂ ಸಣ್ಣ ತುಂಡು, ಹೀಗೆ ಪ್ರತಿ ತಲೆಮಾರಿಗೂ. ತುಂಡು ಎಷ್ಟು ಉದ್ದ ಉಳಿದಿದೆ ಅಂತ ಅಳೆದರೆ ಬೆರೆತು ಎಷ್ಟು ತಲೆಮಾರಾಯಿತು ಅಂತ ಅಂದಾಜು ಸಿಗುತ್ತದೆ. ಸಿದ್ದಿಗಳಲ್ಲಿ ಅದು ಸುಮಾರು ಎಂಟು ತಲೆಮಾರು, ತಲೆಮಾರಿಗೆ 25 ವರ್ಷ ಹಿಡಿದರೆ 200 ವರ್ಷ.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ನನಗೆ ಜಾಸ್ತಿ ಚುಚ್ಚಿದ್ದು ಅದೇ. ಸುತ್ತಲಿನವರ ಡಿಎನ್‌ಎ ಸಿದ್ದಿಗಳಲ್ಲಿ ಬಂದಿದೆ, ಅವರದು ಸುತ್ತಲಿನವರಲ್ಲಿ ಹೋಗಿಲ್ಲ. ಅಂದರೆ ಬೆರೆತು ಹುಟ್ಟಿದ ಮಗು ಸಿದ್ದಿಗಳ ಕೇರಿಯಲ್ಲೇ ಉಳಿಯಿತು, ಸುತ್ತಲಿನವರು ತಮ್ಮೊಳಗೆ ಸೇರಿಸಿಕೊಳ್ಳಲಿಲ್ಲ ಅಂತಲೇ ಅಲ್ವಾ?

ಇನ್ನು ನಾವು ನೀವು ಶುದ್ಧ ಅಂದುಕೊಳ್ಳಬೇಡಿ. 2013ರಲ್ಲಿ ಬಂದ ಅಧ್ಯಯನದ ಪ್ರಕಾರ ಸುಮಾರು 4,200ರಿಂದ 1,900 ವರ್ಷದ ಹಿಂದಿನವರೆಗೆ ಭಾರತದಲ್ಲಿ ಹೆಚ್ಚುಕಡಿಮೆ ಎಲ್ಲರೂ ಬೆರೆತಿದ್ದಾರೆ, ಬುಡಕಟ್ಟಿನವರೂ ಸೇರಿ. ಒಳಗೊಳಗೇ ಮದುವೆ ಅನ್ನುವುದು ಬಿಗಿಯಾದದ್ದು ಆಮೇಲೆ. ಅಂದರೆ ಕ್ರಿ.ಶ. ನಾಲ್ಕನೇ ಶತಮಾನದಲ್ಲಿ ಮಯೂರವರ್ಮ ಬನವಾಸಿಯಲ್ಲಿ ಆಳುವ ಹೊತ್ತಿಗೆ ಅವನು ಯಾರನ್ನೇ ಕರೆತಂದಿರಲಿ, ಅವರೂ ಬೆರಕೆಯವರೇ.

ಆದರೂ ಟೆಸ್ಟ್ ಮಾಡಿಸುತ್ತೀರಾದರೆ ಒಂದು ಮಾತು. ಕಂಪನಿ ಕೊಡುವ ಪರ್ಸೆಂಟೇಜು, ಅವರ ಹತ್ತಿರ ಯಾರ್ಯಾರ ಡಿಎನ್‌ಎ ಇದೆಯೋ ಅದಕ್ಕೆ ಹೋಲಿಸಿ ಹೇಳಿದ್ದು, ಅಷ್ಟೇ. ಪಟ್ಟಿ ಬದಲಾದರೆ ನಿಮ್ಮ ಅಂಕಿಯೂ ಬದಲು. ಮುತ್ತಜ್ಜನ ಹೆಸರು, ಊರು ಬೇಕಿದ್ದರೆ ಸುಮ್ನೆ ದುಡ್ಡು ಖರ್ಚು ಮಾಡಬೇಡಿ, ಮನೆಯ ಹಳೇ ಜಮೀನಿನ ಕಾಗದಪತ್ರ ಹುಡುಕಿ.